ಅಮ್ಮನ ಕುರ್ಚಿಯ ಇರುವೆ

ಜನವರಿ 9

ಅಕ್ಕಾ,

ಮೊದಲು ಬಯ್ದು ಮುಗಿಸು, ಆಮೇಲೆ ಓದು. ಹೋದ ತಿಂಗಳು ಬರೆಯದಿದ್ದಕ್ಕೆ ಕಾರಣ ಕೆಲಸ, ಸೋಮಾರಿತನವಲ್ಲ. ಸೋಮಾರಿತನ ಇದ್ದದ್ದು ಅದರ ಹಿಂದಿನ ತಿಂಗಳು.

ನಮ್ಮ ಅಂಗಡಿಯ ಯಜಮಾನರು ಮೇಲಿನ ಮಹಡಿಯಲ್ಲಿ ಒಂದು ಪ್ರದರ್ಶನ ಇಡುತ್ತಿದ್ದಾರೆ, ಹಳೆಯ ಫ್ರೆಂಚ್ ರಿವೈವಲ್ ಕುರ್ಚಿ, ಮೇಜು, ಅಲಮಾರಿಗಳದ್ದು. ಗಿರಾಕಿಗಳಿಗೆ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ: ಫ್ರಾನ್ಸಿನ ರಾಜರು ಅಳಿದು ಎಷ್ಟೋ ಕಾಲದ ಮೇಲೆ, ದುಡ್ಡು ಮಾಡಿದ ವ್ಯಾಪಾರಿಗಳಿಗೆ ಆ ರಾಜರ ಹಾಗೆ ಕೂರಬೇಕು ಅನ್ನಿಸಿತು, ಬಡಗಿಗಳು ಹಳೆಯ ಶೈಲಿಗಳನ್ನೆಲ್ಲ ಮತ್ತೆ ಎಬ್ಬಿಸಿ ಕೂರಿಸಿದರು, ಅದೇ ರಿವೈವಲ್. ಅಪ್ಪ ಇದನ್ನು ನಾಲ್ಕು ಪದದಲ್ಲಿ ಮುಗಿಸುತ್ತಿದ್ದರು: "ರಾಜ ಸತ್ತ, ಕುರ್ಚಿ ಉಳೀತು."

ಮೊದಲ ಕೋಣೆ ಬಾಗುಗಾಲಿನ ಶೈಲಿಗೆ. ಚಿಪ್ಪು, ಸುರುಳಿ ಎಲೆ, ಹುಡುಕಿದರೂ ನೇರ ಗೆರೆ ಸಿಗದಂಥದ್ದು. ಎರಡನೆಯದು ನೇರಗಾಲಿನ ಶೈಲಿಗೆ. ಕಾಲಿನ ಉದ್ದಕ್ಕೂ ಗೀರು, ನೆತ್ತಿಯ ಮೇಲೆ ರಿಬ್ಬನ್ನಿನ ಗಂಟು, ಹೂಮಾಲೆ. ಮೆಟ್ಟಿಲ ಪಕ್ಕದ ಚಿಕ್ಕ ಕೋಣೆ ಮಾತ್ರ ಈಗಲೂ ಈ ಕೆಲಸ ಮಾಡಬಲ್ಲವರಿಗೆ. ಆ ಕೋಣೆಗೆ ಅಮ್ಮನ ಕುರ್ಚಿಯನ್ನು ಕಳಿಸಿಕೊಡು. ಪಕ್ಕದಲ್ಲಿ ಅಪ್ಪನ ಹೆಸರಿನ ಕಾರ್ಡು ಇರುತ್ತದೆ, ನಾನೇ ಬರೆಯುತ್ತೇನೆ. ಜೀವಮಾನವೆಲ್ಲ ಬೇರೆಯವರ ಅಂಗಡಿಯ ಬೋರ್ಡಿನ ಕೆಳಗೆ ಕೆತ್ತಿದವರು. ಒಂದು ಸಲವಾದರೂ ಅವರ ಹೆಸರು ಅವರ ಕೆಲಸದ ಪಕ್ಕದಲ್ಲಿ ನಿಲ್ಲಲಿ.

ಹೊಸ ಬಟ್ಟೆ ಹೊದಿಸಬೇಡ, ಒರೆಸಲೂ ಬೇಡ. ಇದ್ದ ಹಾಗೇ ಬರಲಿ. ಅಪ್ಪನನ್ನು ಒಪ್ಪಿಸುವುದು ನಿನ್ನ ಪಾಲಿನ ಕೆಲಸ. ನೀನು ಹೇಳಿದರೆ ಅವರು ಕಲ್ಲನ್ನೂ ಅಗಿದು ನುಂಗುತ್ತಾರೆ.

ನಿನ್ನ ಸೋಮಾರಿ


ಜನವರಿ 21

ಸೋಮಾರಿಗೆ,

ಬಯ್ದು ಮುಗಿಯಿತು. ಒಂದು ಪೂರ್ತಿ ಬೆಳಗ್ಗೆ ಹಿಡಿಯಿತು.

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಈಗೀಗ ಎಲ್ಲ ಕಾಗದವನ್ನೂ ನಾನೇ ಓದಬೇಕು; ಕೂತು ಕೇಳುವ ಸುಖ ಅಭ್ಯಾಸವಾಗಿಬಿಟ್ಟಿದೆ. ಉಳಿ ಮಸೆಯುತ್ತಲೇ, "ಅದು ಅವಳ ಕುರ್ಚಿ. ಅವಳನ್ನ ಕೇಳು" ಅಂದರು.

"ಅಮ್ಮ ಇದ್ದಿದ್ರೆ ಯಾವತ್ತೋ ಕಳಿಸ್ತಿದ್ಲು. ನಿಮ್ಮನ್ನೂ ಅದರ ಮೇಲೆ ಕೂರಿಸಿ."

ನಕ್ಕರು. ಊಟಕ್ಕೆ ಕೂತಾಗ ಮತ್ತೆ ಶುರು. "ಕಾರ್ಡಲ್ಲಿ ಯಾವ ಹೆಸರು ಹಾಕ್ತಾನಂತೆ?"

"ನಿಮ್ಮದೇ."

"ನನ್ನ ಹೆಸರು ನನಗೇ ಮರೆತು ಹೋಗಿದೆ. ಇರುವೆ ಮೇಸ್ತ್ರಿ ಅಂತ ಹಾಕು ಅನ್ನು. ಇಲ್ದಿದ್ರೆ ಬಂದವರಿಗೆ ಯಾರು ಅಂತ ತಿಳಿಯೋದು ಹೇಗೆ?"

ಆ ಹೆಸರನ್ನು ಇಟ್ಟವರೆಲ್ಲ ಸತ್ತು ಹೋಗಿದ್ದಾರೆ ಅನ್ನುವುದು ಅವರಿಗೆ ಹೊಳೆದಿಲ್ಲ. ನಾನೂ ಹೇಳಲಿಲ್ಲ.

ಕುರ್ಚಿಯನ್ನು ಕಂಬಳಿ ಸುತ್ತಿ ನಿನ್ನೆ ಲಾರಿಗೆ ಹಾಕಿಸಿದೆ. ನಿಮ್ಮ ಯಜಮಾನರ ಕನ್ನಡಿ ಚೌಕಟ್ಟುಗಳೂ ಅದರ ಜೊತೆಗೇ ಬರುತ್ತಿವೆ; ಚಿನ್ನದ ರೇಕು ಹಚ್ಚಿ ಮುಗಿಸಿದ್ದೇನೆ. ನನಗೆ ಈ ಕೆಲಸ ಕೊಡಿಸಿದ್ದು ನೀನು ಅಂತ ಅಪ್ಪ ಕಂಡವರಿಗೆಲ್ಲ ಹೇಳುತ್ತಾರೆ, ಹಚ್ಚುವುದನ್ನು ಕಲಿಸಿದ್ದು ತಾನು ಅನ್ನುವುದನ್ನು ಬಿಟ್ಟು.

ಅಪ್ಪನ ಷರತ್ತು ಒಂದೇ. ಕುರ್ಚಿಯ ಸುತ್ತ ಹಗ್ಗ ಕಟ್ಟಬಾರದು. ಕುರ್ಚಿ ಇರುವುದು ಕೂರಲಿಕ್ಕೆ, ಕಾಲು ನೋಯುವವರು ಯಾರಾದರೂ ಬಂದರೆ ಕೂರಲಿ ಅಂದಿದ್ದಾರೆ. ಅಮ್ಮ ನಿನ್ನನ್ನು ಎತ್ತಿಕೊಂಡು ಕೂರುತ್ತಿದ್ದ ಕುರ್ಚಿ. ಬಂದವರು ಮುರಿಯುವಂಥದ್ದು ಅದರಲ್ಲಿ ಏನೂ ಉಳಿದಿಲ್ಲ, ಎಲ್ಲ ನೀನೇ ಪ್ರಯತ್ನ ಮಾಡಿ ನೋಡಿದ್ದೀಯ.

ಫೋನು ಮಾಡಬೇಡ. ಪಕ್ಕದ ಔಷಧಿ ಅಂಗಡಿಯವನ ಫೋನು. ನಾವು ಆಡಿದ್ದೆಲ್ಲ ಬೀದಿಗೆ ಬರುತ್ತದೆ. ಬರಿ.

ಅಕ್ಕ


ಫೆಬ್ರವರಿ 15

ಅಕ್ಕಾ,

ಕುರ್ಚಿ ಒಂದು ಗೀರೂ ಬೀಳದೆ ಬಂತು. ಅಪ್ಪನಿಗೆ ಹೀಗೆ ಓದಿ ಹೇಳು: ನಿನ್ನೆ ಪ್ರದರ್ಶನ ತೆರೆಯಿತು. ಇಲ್ಲಿ ಹಳೆಯ ಸಾಮಾನು ಸಂಗ್ರಹಿಸುವ ಒಬ್ಬ ಹಿರಿಯ ಹೆಂಗಸು ಇದ್ದಾರೆ, ಅರಮನೆ ತೋರಿಸಿದರೂ ಮೂಗು ಮುರಿಯುವವರು. ಅವರು ನಿಮ್ಮ ಕುರ್ಚಿಯ ಮುಂದೆ ನೆಲದ ಮೇಲೆ ಮಂಡಿಯೂರಿದರು. ಮುಂಗಾಲಿನ ಎಲೆಯ ಮೇಲೆ ಕೈಯಾಡಿಸಿದರು. ಎದ್ದಾಗ ಅವರ ಸೀರೆಗೆ ಧೂಳು ಮೆತ್ತಿತ್ತು, ಕೊಡವಿಕೊಳ್ಳಲೂ ಇಲ್ಲ.

ಈ ಎರಡನೇ ಹಾಳೆ ನಿನಗೆ ಮಾತ್ರ, ಅಪ್ಪನಿಗೆ ಓದಬೇಡ. ಅಪ್ಪ ತಾವು ಮಾಡಿದ್ದರಲ್ಲೆಲ್ಲ ಒಂದು ಇರುವೆ ಕೆತ್ತುತ್ತಾರಲ್ಲ, ಈ ಕುರ್ಚಿಯಲ್ಲಿ ಅದು ಎಲ್ಲಿದೆ? ಕಾರ್ಡಿನಲ್ಲಿ ಅದನ್ನೂ ಸೇರಿಸೋಣ ಅಂತ. ಇಲ್ಲಿ ಬುಡ ತಲೆ ಎಲ್ಲ ಹುಡುಕಿದೆ, ಸಿಗಲಿಲ್ಲ. ಅವರಿಗೆ ಗೊತ್ತಾಗದ ಹಾಗೆ ಮಾಡಿ ತೋರಿಸಿದರೆ ಖುಷಿಪಡುತ್ತಾರೆ. ಬೇಗ ಬರಿ.


ಫೆಬ್ರವರಿ 24

ತಮ್ಮಾ,

ಮಂಡಿಯೂರಿದ ಹೆಂಗಸಿನ ಕಥೆಯನ್ನು ಅಪ್ಪ ಇಷ್ಟರಲ್ಲೇ ನಾಲ್ಕು ಸಲ ಓದಿಸಿದರು. "ಎಡಗಾಲೋ ಬಲಗಾಲೋ?" ಅನ್ನುತ್ತಾರೆ. ಯಾವ ಕಾಲಿನ ಎಲೆ ಮುಟ್ಟಿದರು ಅಂತ. ಎಡಗಾಲಿನದು ಅವರಿಗೆ ಸಮಾಧಾನವಾಗಿ ಬಂದಿಲ್ಲವಂತೆ. ನಲವತ್ತು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ.

ಇರುವೆಯ ವಿಷಯ. ಅದು ಎಲ್ಲಿದೆ ಅಂತ ಅಪ್ಪ ಯಾರಿಗೂ ಹೇಳುವವರಲ್ಲ. ಒಂದೊಂದು ಸಾಮಾನಿಗೂ ಒಂದೊಂದು ಜಾಗ. ನನಗೆ ಗೊತ್ತಿರುವುದು ಹೊದಿಕೆ ಹಾಕುವವಳು ನಾನು ಅನ್ನುವ ಕಾರಣಕ್ಕೆ, ಅವರು ಹೇಳಿದರು ಅಂತ ಅಲ್ಲ. ಗೊತ್ತಿದೆ ಅಂತ ಅವರಿಗೆ ಗೊತ್ತು. ನಾವಿಬ್ಬರೂ ಅದರ ಮಾತೆತ್ತುವುದಿಲ್ಲ. ಮರಕ್ಕೆ ಗೆದ್ದಲು ಬರದ ಹಾಗೆ ಇರುವೆ ಕಾವಲು ಅಂತ ಅಮ್ಮನಿಗೆ ಹೇಳುತ್ತಿದ್ದರು. ಅಮ್ಮ, "ನಿಮ್ಮ ಇರುವೆಗೆ ದಿನಾ ಸಕ್ಕರೆ ಇಡಬೇಕಾ?" ಅಂತ ರೇಗಿಸುತ್ತಿದ್ದಳು.

ಕಾರ್ಡಿಗೆ ಅಂತ ಹೇಳುತ್ತಿದ್ದೇನೆ. ಸೀಟಿನ ಹಿಂದಿನ ಅಡ್ಡಪಟ್ಟಿಯ ಒಳಮೈ, ಎಡ ಮೂಲೆ. ಕುದುರೆ ಕೂದಲಿನ ಮೆತ್ತೆ ತೆಗೆದು, ಕೆಳಗಿನ ಬಟ್ಟೆಪಟ್ಟಿಗಳನ್ನು ಸರಿಸಿದರೆ ಕಾಣುತ್ತದೆ. ಜೀರಿಗೆಯಷ್ಟಿದೆ. ಆರು ಕಾಲೂ ಇವೆ. ಬಿಚ್ಚಿದರೆ ಮೊದಲಿನ ಹಾಗೇ ಹೊದಿಸು, ಮೊಳೆಗಳನ್ನು ಹಳೆಯ ತೂತಿಗೇ ಹೊಡಿ.

ಇನ್ನೊಂದನ್ನೂ ಬರೆ ಬೇಕಾದರೆ: ಕುರ್ಚಿಯ ಅಕ್ರೋಟು ಮರ ಅಪ್ಪ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಒಂದು ದೊಡ್ಡ ಅಲಮಾರಿಯಾಗಿತ್ತು. ಯಾರೋ ಸೌದೆಗೆ ಕೊಟ್ಟಿದ್ದನ್ನು ಅಪ್ಪ ಬಿಡಿಸಿಕೊಂಡು ಬಂದರು. ಅಂಟು, ಮರದ ಬೆಣೆ, ಎಲ್ಲ ಹಳೇ ಕಾಲದವರ ರೀತಿ. ಅಮ್ಮನಿಗೆ ಕೊಡುವುದಕ್ಕೆ ಹೊಸ ಮರ ಯಾಕೋ ಮನಸ್ಸಿಗೆ ಬರಲಿಲ್ಲವಂತೆ.

ಕಾರ್ಡಿನ ಫೋಟೋ ಕಳಿಸು.


ಏಪ್ರಿಲ್ 20

ಅಕ್ಕಾ,

ಅವಸರದಲ್ಲಿ ನಾಲ್ಕು ಸಾಲು. ಪ್ರದರ್ಶನವನ್ನು ಮುಂದುವರಿಸಿದ್ದಾರೆ, ಕೆಲವು ಸಾಮಾನು ಬೇರೆ ಊರಿಗೂ ಹೋಗಿವೆ, ಕುರ್ಚಿಯೂ. ಫೋಟೋ ಸರಿಯಾಗಿ ಬಂದಿಲ್ಲ. ನನ್ನನ್ನು ಖರೀದಿಯ ವಿಭಾಗಕ್ಕೆ ಹಾಕಿದ್ದಾರೆ, ತಿರುಗಾಟ ಜಾಸ್ತಿ. ಅಪ್ಪನ ಆರೋಗ್ಯ ಚೆನ್ನಾಗಿದೆ ಅಂದುಕೊಂಡಿದ್ದೇನೆ.


ಮೇ 3

ತಮ್ಮಾ,

ಆರೋಗ್ಯ ಚೆನ್ನಾಗಿದೆ. ಕನ್ನಡಕ ಬದಲಾಯಿಸಿದ್ದಾರೆ.

ಎರಡು ತಿಂಗಳು ಕಾದು ನಾಲ್ಕು ಸಾಲು. ಅಪ್ಪನಿಗೆ ಓದುವಾಗ ನಾನು ಅದನ್ನು ಎಂಟು ಮಾಡಿದೆ. ಫೋಟೋ ಬೇಡ. ಕಾರ್ಡಿನಲ್ಲಿ ಏನು ಬರೆದಿದ್ದಾನೆ, ಅದನ್ನಾದರೂ ಬರೆಯಲಿ ಅನ್ನುತ್ತಾರೆ. ಕುರ್ಚಿ ಇದ್ದ ಜಾಗದಲ್ಲಿ ನೆಲ ನಾಲ್ಕು ಕಡೆ ತಗ್ಗಾಗಿದೆ, ಕಾಲಿನ ಅಚ್ಚು. ಆ ಕಡೆ ಹೋಗುವಾಗ ಈಗಲೂ ಬಳಸಿಕೊಂಡೇ ಹೋಗುತ್ತಾರೆ, ಕುರ್ಚಿಗೆ ತಾಗೀತು ಅನ್ನುವ ಹಾಗೆ. ನಿನ್ನೆ ಕೇಳಿದರು, "ಬೇರೆ ಊರಿಗೆ ಹೋಗಿದೆ ಅಂದ್ರೆ, ಅಲ್ಲೂ ಹಗ್ಗ ಕಟ್ಟಿಲ್ಲ ತಾನೇ?"

ಅಕ್ಕ


ಜೂನ್ 11

ಅಕ್ಕಾ,

ಕೋಪ ಬೇಡ. ಕುರ್ಚಿ ನಮ್ಮ ಅಂಗಡಿಗೆ ವಾಪಸು ಬಂದಿದೆ. ನನ್ನ ಮೇಜಿನ ಎದುರು, ಕಿಟಕಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಮಳೆಗಾಲ ಕಳೆಯಲಿ, ದಾರಿಯಲ್ಲಿ ನೆನೆದರೆ ಕಷ್ಟ, ಆಮೇಲೆ ಕಳಿಸುತ್ತೇನೆ.

ಕಾರ್ಡಿನಲ್ಲಿ ಹೀಗಿದೆ: "ತೋಳುಕುರ್ಚಿ. ಬಾಗುಗಾಲಿನ ಶೈಲಿ. ಹಳೆಯ ಅಕ್ರೋಟು ಮರ. ಕೆತ್ತಿದವರು ಇರುವೆ ಮೇಸ್ತ್ರಿ, ತಮ್ಮ ಹೆಂಡತಿಗಾಗಿ."

ಹಗ್ಗ ಕಟ್ಟಿಲ್ಲ ಅಂತ ಹೇಳು.


ಜೂನ್ 28

ತಮ್ಮನಿಗೆ,

ಕ್ಷೇಮ. ಕಾರ್ಡಿನ ಮಾತನ್ನು ಅಪ್ಪ ಬಾಯಿಪಾಠ ಮಾಡಿಕೊಂಡಿದ್ದಾರೆ. ಹಾಲು ಹಾಕುವವನಿಗೂ ಒಪ್ಪಿಸಿದ್ದಾಯಿತು.

ನಿಮ್ಮ ಅಂಗಡಿಯಿಂದ ಒಂದು ಮರದ ಪೆಟ್ಟಿಗೆ ಬಂದಿದೆ. ನೀನು ತಿರುಗಾಟದಲ್ಲಿದ್ದೆಯಂತೆ, ಯಜಮಾನರೇ ಕಳಿಸಿದ್ದಾರೆ. ಯಾರೋ ಗಿರಾಕಿ ಕೊಂಡ ಕುರ್ಚಿಯಂತೆ, ಪೂರ್ತಿ ಚಿನ್ನದ ರೇಕು ಹಚ್ಚಬೇಕಂತೆ. ಕೈತುಂಬ ಕೆಲಸವಿದೆ, ಇನ್ನೂ ಬಿಚ್ಚಿಲ್ಲ.

ನಮ್ಮ ಕುರ್ಚಿ ಹೇಗಿದೆ? ಅದು ಈಗ ನಿಂತಿರುವುದು ಹೇಗೆ, ಯಾವ ಕಡೆ ಮುಖ, ಸ್ವಲ್ಪ ವಿವರವಾಗಿ ಬರಿ. ಅಪ್ಪನಿಗೆ ಅಂತಲ್ಲ. ನನಗೇ ಓದಬೇಕು ಅನ್ನಿಸಿದೆ.

ಅಕ್ಕ


ಜುಲೈ 6

ಅಕ್ಕಾ,

ಆ ಪೆಟ್ಟಿಗೆಯನ್ನು ಬಿಚ್ಚಲೇಬೇಡ. ಅದು ತಪ್ಪಿ ಬಂದಿದೆ. ಅದಕ್ಕೆ ಇಲ್ಲೇ ಒಬ್ಬರನ್ನು ಗೊತ್ತುಮಾಡಿದ್ದೆ, ಯಜಮಾನರಿಗೆ ತಿಳಿಯದೆ ನಿನ್ನ ವಿಳಾಸ ಹಾಕಿದ್ದಾರೆ. ಬಿಚ್ಚಿ ಏನಾದರೂ ಹೆಚ್ಚುಕಮ್ಮಿ ಆದರೆ ಹೊಣೆ ನಿನ್ನ ತಲೆಗೆ ಬರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಲಾರಿ ಕಳಿಸುತ್ತೇನೆ.

ನಮ್ಮ ಕುರ್ಚಿ ಇದನ್ನು ಬರೆಯುವಾಗ ನನ್ನ ಎದುರಿಗೇ ಇದೆ. ಬೀದಿಯ ಕಡೆ ಸ್ವಲ್ಪ ಓರೆಯಾಗಿ ಮುಖ ಮಾಡಿದೆ. ಸಂಜೆಯ ಬೆಳಕು ಬಲತೋಳಿನ ಮೇಲೆ ಬಿದ್ದಿದೆ. ನೋಡಿದಾಗೆಲ್ಲ ಅಮ್ಮ ಈಗಷ್ಟೇ ಎದ್ದು ಒಳಗೆ ಹೋದಳೇನೋ ಅನ್ನಿಸುತ್ತದೆ.

ಅಪ್ಪನಿಗೂ ಇದನ್ನು ಓದಿ ಹೇಳು.


ಜುಲೈ 13

ಓದಿ ಹೇಳಿದೆ. ಬೆಳಕು ಬೀಳುವ ಮಾತನ್ನು ಇನ್ನೊಂದು ಸಲ ಓದು ಅಂದರು, ಓದಿದೆ. ಓದುವಾಗ ನಾನು ಆ ಕುರ್ಚಿಯ ಮೇಲೇ ಕೂತಿದ್ದೆ.

ಪೆಟ್ಟಿಗೆ ಬಿಚ್ಚಿದ ಮೇಲೆಯೇ ನಿನಗೆ ಹೋದ ಕಾಗದ ಬರೆದದ್ದು. ಬಿಚ್ಚಿಲ್ಲ ಅಂತ ಬರೆದೆ. ಅಷ್ಟು ಸುಳ್ಳು ನನ್ನದು. ನಿನ್ನ ಬಾಯಿಂದಲೇ ಬರಲಿ ಅಂತ ಕಾದೆ. ಬಂತು, ಅಮ್ಮ ಎದ್ದು ಒಳಗೆ ಹೋದಳು ಅಂತ.

ಮೊದಲು ನನಗೂ ಗುರುತು ಹತ್ತಲಿಲ್ಲ. ಹೊಸ ರೇಷ್ಮೆ ಹೊದಿಸಿದ್ದಾರೆ, ಪಾದಗಳನ್ನು ಕೆರೆದು ಹಳೆಯದು ಮಾಡಿದ್ದಾರೆ. ಮುಂಗಾಲಿನ ಎಲೆ ನೋಡಿ ಅನುಮಾನ ಬಂತು. ಮೆತ್ತೆ ಬಿಚ್ಚಿ, ಪಟ್ಟಿ ಸರಿಸಿ, ಎಡ ಮೂಲೆಗೆ ದೀಪ ಹಿಡಿದೆ. ಇರುವೆ ಇಲ್ಲ. ಆ ಜಾಗದಲ್ಲಿ ಅದೇ ಬಣ್ಣದ, ಅದೇ ಎಳೆಯ ಒಂದು ತೇಪೆ. ನನ್ನ ಉಗುರಿಗೂ ಅಂಚು ಸಿಗಲಿಲ್ಲ. ಹಾಗಾದರೆ ಇದು ಬೇರೆ ಕುರ್ಚಿ ಇರಬಹುದು, ದೇವರೇ ಇರಲಿ, ಅಂತ ಒಂದು ಕ್ಷಣ ಅಂದುಕೊಂಡೆ. ಆಮೇಲೆ ಎಡತೋಳಿನ ಕೆಳಗೆ ಕೈ ಹಾಕಿದೆ. ಹಲ್ಲು ಬರುವಾಗ ನೀನು ಕಚ್ಚಿ ಕಚ್ಚಿ ಮಾಡಿದ ಗುರುತುಗಳು ಹಾಗೇ ಇವೆ. ಅಪ್ಪನ ಇರುವೆಯನ್ನು ತೆಗೆಸಿದೆ, ನಿನ್ನ ಹಲ್ಲನ್ನು ಮರೆತೆ.

ಪೆಟ್ಟಿಗೆಯೊಳಗೆ ಯಜಮಾನರ ಚೀಟಿ ಇದೆ. "ರಿವೈವಲ್ ಕಾಲದ್ದು, ನೂರೈವತ್ತು ವರ್ಷ ಹಳೆಯದು, ಕೆತ್ತಿದವರು ತಿಳಿದಿಲ್ಲ."

ಕೆತ್ತಿದವರು ಇಲ್ಲಿ ಪಕ್ಕದ ಕೋಣೆಯಲ್ಲಿ ಕಾರ್ಡು ಒಪ್ಪಿಸುತ್ತ ಕೂತಿದ್ದಾರೆ.

ಇರುವೆ ಎಲ್ಲಿದೆ ಅಂತ ಹೇಳಿಕೊಟ್ಟವಳು ನಾನು. ಮೊಳೆಗಳನ್ನು ಹಳೆಯ ತೂತಿಗೇ ಹೊಡಿ ಅಂತ ಬುದ್ಧಿ ಬೇರೆ ಹೇಳಿದೆ. ಯಾರ ಕೈಯಲ್ಲಿ ತೆಗೆಸಿದೆ?


ಜುಲೈ 24

ಅಕ್ಕಾ,

ಇದನ್ನು ಅಪ್ಪನಿಗೆ ಓದಬೇಡ. ಪೂರ್ತಿ ಓದಿದ ಮೇಲೆ ಏನು ಬೇಕಾದರೂ ಅನ್ನು.

ಕಾರ್ಡು ಬರೆದಿದ್ದೆ. ಅದು ಸುಳ್ಳಲ್ಲ, ನಿನಗೆ ಕಳಿಸಿದ ಮಾತುಗಳೇ ಅದರಲ್ಲಿದ್ದವು. ಪ್ರದರ್ಶನ ತೆರೆಯುವ ದಿನ ಬೆಳಗ್ಗೆ ಸಾಮಾನು ಜೋಡಿಸುವಾಗ ಆಳುಗಳು ಕುರ್ಚಿಯನ್ನು ತಪ್ಪಿ ಮೊದಲ ಕೋಣೆಯಲ್ಲಿ ಇಟ್ಟರು, ನಿಜವಾದ ಹಳೆಯವುಗಳ ನಡುವೆ. ಕಾರ್ಡು ನನ್ನ ಜೇಬಿನಲ್ಲಿತ್ತು. ಅದು ನಮ್ಮ ಮನೆಯ ಕುರ್ಚಿ ಅಂತ ಯಜಮಾನರಿಗೂ ಇನ್ನೂ ಹೇಳಿರಲಿಲ್ಲ. ಅಷ್ಟರಲ್ಲಿ ಯಜಮಾನರು ಆ ಹೆಂಗಸನ್ನು ಕರೆದುಕೊಂಡು ಬಂದರು. ಅವರು ಮಂಡಿಯೂರಿದ್ದು ನಿಜ. "ಇದು ಯಾರ ಕಾರ್ಖಾನೆಯದು?" ಅಂತ ಕೇಳಿದರು. ನಾನು ಬಾಯಿ ತೆರೆದೆ. ಅಕ್ಕ, ಅಪ್ಪನ ಕೆಲಸದ ಮುಂದೆ ಯಾರಾದರೂ ಹಾಗೆ ಮಂಡಿಯೂರಿದ್ದನ್ನು ನೀನು ನೋಡಿದ್ದೀಯಾ? ಹೆಸರು ಹೇಳಿದ್ದರೆ ಎದ್ದು ಸೀರೆ ಕೊಡವಿಕೊಳ್ಳುತ್ತಿದ್ದರು. ಚಿಕ್ಕ ಕೋಣೆಯಲ್ಲಿ ಇಟ್ಟಿದ್ದರೆ ಬಂದವರು ಅದರ ಮೇಲೆ ಕೋಟು ನೇತುಹಾಕುತ್ತಿದ್ದರು. ಇನ್ನೊಂದು ಕ್ಷಣ ಹಾಗೇ ಇರಲಿ ಅನ್ನಿಸಿತು. ನಾಳೆ ಹೇಳೋಣ ಅಂದುಕೊಂಡೆ. ನಾಳೆ ಅನ್ನುವಷ್ಟರಲ್ಲಿ ಅವರು ಕೊಳ್ಳುವ ಮಾತಾಡಿದ್ದರು, ಯಜಮಾನರು ಅದನ್ನು ಹುಡುಕಿದವನು ನಾನು ಅಂತ ನಾಲ್ಕು ಜನರ ಮುಂದೆ ನನ್ನ ಬೆನ್ನು ತಟ್ಟಿದ್ದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ.

ಇರುವೆಯನ್ನು ತೆಗೆದದ್ದು ಅಂಗಡಿಯ ಒಬ್ಬ ಕೆಲಸಗಾರ. ನಿನಗೆ ಪರಿಚಯವಿಲ್ಲ.

ಯೋಚಿಸಿ ನೋಡು. ರಿವೈವಲ್ ಅಂದರೇ ನಕಲು. ಆ ಕಾಲದವರೂ ಸತ್ತ ರಾಜನ ಕುರ್ಚಿಯನ್ನು ನೋಡಿಕೊಂಡು ಮಾಡಿದರು. ಈಗ ಅವರದ್ದೇ ಅಸಲು. ನಕಲಿಗೆ ವಯಸ್ಸಾದರೆ ಅಸಲಾಗುತ್ತದೆ. ನಾನು ಮಾಡಿದ್ದು ವಯಸ್ಸನ್ನು ಸ್ವಲ್ಪ ಮುಂಚೆ ಕೊಟ್ಟದ್ದು.

ನನ್ನನ್ನು ಪಾಲುದಾರ ಮಾಡಿಕೊಳ್ಳುವ ಮಾತು ನಡೆದಿದೆ. ಇದು ಹೊರಗೆ ಬಂದರೆ ನಾನು ಬೀದಿಗೆ, ಅಥವಾ ಅದಕ್ಕಿಂತ ಕೆಟ್ಟ ಜಾಗಕ್ಕೆ. ನಿನಗೆ ಬರುತ್ತಿರುವ ಕೆಲಸವೂ ನಿಲ್ಲುತ್ತದೆ. ರೇಕು ಹಚ್ಚಿ ಕಳಿಸಿಬಿಡು. ಅಪ್ಪನಿಗೆ ದಾರಿಯಲ್ಲಿ ಲಾರಿ ಮಗುಚಿತು ಅಂತ ಹೇಳೋಣ. ಅವರ ಕೈ ಇನ್ನೂ ಗಟ್ಟಿಯಾಗಿದೆ, ಇನ್ನೊಂದು ಮಾಡಿಕೊಳ್ಳಬಹುದು. ಒಳ್ಳೆಯ ಹಳೆಯ ಮರ ನಾನೇ ಹುಡುಕಿ ಕಳಿಸುತ್ತೇನೆ.


ಆಗಸ್ಟ್ 6

ಇನ್ನೊಂದು ಮಾಡಿಕೊಳ್ಳಬಹುದು ಅಂದೆ. ನಿನಗೆ ಗೊತ್ತಿಲ್ಲ, ಗೊತ್ತಿಲ್ಲದ ಹಾಗೆ ಮಾಡಿದವಳು ನಾನೇ. ಅಪ್ಪನಿಗೆ ಕಣ್ಣು ಹೋಗಿದೆ. ಹೋದ ವರ್ಷದಿಂದ ನೋಟ ಕಿರಿದಾಗುತ್ತ ಬಂತು, ಬಿದಿರು ಕೊಳವೆಯೊಳಗಿಂದ ನೋಡಿದ ಹಾಗೆ ಅನ್ನುತ್ತಿದ್ದರು. ನರ ಒಣಗಿದೆ, ಏನೂ ಮಾಡುವ ಹಾಗಿಲ್ಲ ಅಂದರು ಡಾಕ್ಟರು. ಈ ಬೇಸಿಗೆಯಲ್ಲಿ ಪೂರ್ತಿ ಹೋಯಿತು. "ಅವನಿಗೆ ಹೇಳ್ಬೇಡ, ಕೆಲಸ ಬಿಟ್ಟು ಓಡಿ ಬರ್ತಾನೆ" ಅಂದರು. ಅದಕ್ಕೇ ನಿನ್ನ ಕಾಗದಗಳನ್ನು ನಾನು ಓದುತ್ತಿದ್ದದ್ದು. ನೀನು ಬರೆದ ಬೆಳಕನ್ನು ಅವರು ನೋಡಿದ್ದು ನನ್ನ ಬಾಯಿಂದ.

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಅನ್ನುವ ಮಾತನ್ನು ಅಮ್ಮ, ಅಪ್ಪ ದುಡಿಯುತ್ತಿದ್ದ ಅಂಗಡಿಯ ಮಾಲೀಕನ ಬಗ್ಗೆ ಹೇಳುತ್ತಿದ್ದಳು. ಹಾವು ಹೊರಗಿನಿಂದ ಬರುತ್ತದೆ ಅಂತ ನಾನು ತಿಳಿದಿದ್ದೆ.

ನಕಲಿನ ಪಾಠ ನನಗೆ ಹೇಳಬೇಡ. ಆ ಕಾಲದ ದೊಡ್ಡ ಕಾರ್ಖಾನೆಯವರು ರಾಜರ ಕುರ್ಚಿಯನ್ನು ನಕಲು ಮಾಡಿ ಕೆಳಗೆ ತಮ್ಮ ಮುದ್ರೆ ಒತ್ತುತ್ತಿದ್ದರು. ನಾವು ಮಾಡಿದ್ದು ಅಂತ ಹೇಳಿಕೊಂಡು ಮಾರಿದರು. ಅಪ್ಪ ಒತ್ತಿದ ಜೀರಿಗೆಯಷ್ಟು ಮುದ್ರೆಗೆ ನಿನ್ನ ಅಂಗಡಿಯಲ್ಲಿ ಜಾಗ ಇರಲಿಲ್ಲ.

ನಡೆದದ್ದು ಹೇಳುತ್ತೇನೆ, ಕೇಳು. ಮೊನ್ನೆ ನಾನು ಒಳಗಿದ್ದಾಗ ಅಪ್ಪ ಗೋಡೆ ಹಿಡಿದುಕೊಂಡು ಕೆಲಸದ ಕೋಣೆಗೆ ಬಂದಿದ್ದಾರೆ. ನಾನು ಬರುವಷ್ಟರಲ್ಲಿ ಕುರ್ಚಿಯ ಮುಂದೆ ನೆಲದ ಮೇಲೆ ಕೂತು, ಮುಂಗಾಲಿನ ಎಲೆ ಮುಟ್ಟುತ್ತಿದ್ದರು. ಮೊದಲು ಬಲಗಾಲು. ಆಮೇಲೆ ಎಡಗಾಲು; ಅಲ್ಲಿ ತುಂಬ ಹೊತ್ತು. ಬೆನ್ನಿನ ಚಿಪ್ಪು, ತೋಳು. ಹೊಸ ಹೊದಿಕೆಯನ್ನು ನಾನು ಆಗಲೇ ಬಿಚ್ಚಿದ್ದೆನಲ್ಲ, ಸೀಟಿನ ಕೆಳಗೆ ಕೈ ಹಾಕಿದರು. ಹಿಂದಿನ ಪಟ್ಟಿ, ಎಡ ಮೂಲೆ. ಕೈ ಅಲ್ಲೇ ನಿಂತಿತು.

"ಇದು ಅವನ ಅಂಗಡಿಯವರದಾ?" ಅಂದರು.

"ಹೂಂ."

"ನನ್ನದಲ್ಲ ಬಿಡು. ನನ್ನದು ಅವನ ಕಿಟಕಿ ಹತ್ರ ಇದೆಯಲ್ಲ." ಕೈ ಹೊರಗೆ ತೆಗೆದು, "ಯಾರೋ ನನ್ನ ಹಾಗೇ ಮಾಡಿದ್ದಾನೆ. ನನಗಿಂತ ಹಳಬ ಇರ್ಬೇಕು" ಅಂದರು.

ನೋಡು, ಕೈ ಹೇಳಿತು, ಅವರು ನಂಬಲಿಲ್ಲ. ಮಗನ ಮಾತನ್ನು ನಂಬಿದರು. ನಾನು ಹೇಳಲು ಹೊರಟೆ. ಮುಖ ನೋಡಿದೆ, ಊಟಕ್ಕೆ ಏಳಿ ಅಂದೆ. ಈಗ ನಾನೂ ನಿನ್ನ ಕಡೆಯವಳೇ ಆದೆ. ಅದಕ್ಕಾಗಿ ನಿನ್ನನ್ನು ಕ್ಷಮಿಸುವುದಿಲ್ಲ.

ರೇಕು ಹಚ್ಚುವುದಿಲ್ಲ, ಕಳಿಸುವುದೂ ಇಲ್ಲ. ನಿನ್ನ ಯಜಮಾನರ ಕೆಲಸವೂ ಇನ್ನು ಬೇಡ. ನೀನು ಬಂದು, ಅಪ್ಪನ ಕೈಯನ್ನು ಹಿಡಿದು ಆ ತೇಪೆಯ ಮೇಲೆ ಇಟ್ಟು, ನಿನ್ನ ಬಾಯಿಂದ ಹೇಳಬೇಕು. ನಾನು ಹೇಳುವುದಿಲ್ಲ.

ಕುರ್ಚಿಯನ್ನು ತಮ್ಮ ಹಾಸಿಗೆಯ ಹತ್ತಿರ ಇಡಿಸಿಕೊಂಡಿದ್ದಾರೆ. ಬೆಳಗಿನಿಂದ ಉಳಿ ಕೇಳುತ್ತಿದ್ದಾರೆ. ಅದನ್ನು ಕೆತ್ತಿದವನಿಗೆ ಒಂದು ಕಾಗದ ಬರೆಸಬೇಕಂತೆ, ನಿನ್ನ ಮೂಲಕ ತಲುಪಿಸಬೇಕಂತೆ. ನಾಳೆ ಬರೆದುಕೊಂಡು ಇದರ ಜೊತೆಗೇ ಹಾಕುತ್ತೇನೆ. ಉತ್ತರ ನೀನೇ ಬರಿ. ಕಾರ್ಡು ಬರೆದು ಅಭ್ಯಾಸವಿದೆಯಲ್ಲ.


ಆಗಸ್ಟ್ 7

ಕುರ್ಚಿ ಮಾಡಿದ ಮೇಸ್ತ್ರಿಗಳಿಗೆ,

ನಾನೂ ಇದೇ ಕೆಲಸದವನು. ನಿಮ್ಮ ಹೆಸರು ಗೊತ್ತಿಲ್ಲ, ಆದ್ದರಿಂದ ಹಾಗೇ ಕರೆದಿದ್ದೇನೆ. ಮಗಳು ಬರೆದುಕೊಳ್ಳುತ್ತಿದ್ದಾಳೆ, ನನಗೆ ಈಗ ಕಾಣುವುದಿಲ್ಲ.

ನಿಮ್ಮ ಕುರ್ಚಿಯನ್ನು ಮುಟ್ಟಿ ನೋಡಿದೆ. ಬಲಗಾಲಿನ ಎಲೆ ಬಹಳ ಚೆನ್ನಾಗಿ ತಿರುಗಿದೆ. ಎಡಗಾಲಿನದರಲ್ಲಿ ಉಳಿ ಒಂದು ಕಡೆ ಹೆದರಿದೆ. ನನಗೂ ಅಲ್ಲೇ ಹಾಗಾಗಿತ್ತು. ಆ ದಿನ ಮನೆಯಲ್ಲಿ ಹೆರಿಗೆ ನೋವು ಶುರುವಾಗಿತ್ತು, ಕೈ ನಿಲ್ಲಲಿಲ್ಲ. ನಿಮಗೆ ಏನು ಕಾರಣವೋ.

ಒಂದು ವಿಷಯ ಕೇಳಬೇಕಿತ್ತು. ಹಿಂದಿನ ಪಟ್ಟಿಯ ಒಳಗೆ ಎಡ ಮೂಲೆಯಲ್ಲಿ ಒಂದು ತೇಪೆ ಇದೆ. ಅಲ್ಲಿ ನಿಮ್ಮ ಗುರುತು ಇದ್ದಿರಬೇಕು, ಯಾರೋ ತೆಗೆದಿದ್ದಾರೆ. ತೇಪೆ ಹಾಕಿದವನ ಕೆಲಸ ಒಳ್ಳೆಯದು. ಚೌಕವಾಗಿ ಕತ್ತರಿಸಿಲ್ಲ, ದೋಣಿಯ ಹಾಗೆ ಕತ್ತರಿಸಿ, ಅಂಚನ್ನು ಒಳಮುಖ ಓರೆ ಮಾಡಿ ಕೂರಿಸಿದ್ದಾನೆ. ಹಾಗೆ ಕೂರಿಸಿದ್ದು ಎದ್ದು ಬರುವುದಿಲ್ಲ, ಉಗುರಿಗೂ ಸಿಗುವುದಿಲ್ಲ. ಆದರೆ ಕೊನೆಯ ತುದಿಯಲ್ಲಿ ಉಳಿ ಒಂದು ಕೂದಲಿನಷ್ಟು ಗೆರೆ ದಾಟಿದೆ. ಆತುರದ ಕೈ. ಆ ಕೈಗೆ ನಾನು ಎಷ್ಟೋ ಸಲ ಮರದ ಪಟ್ಟಿಯಿಂದ ಹೊಡೆದಿದ್ದೇನೆ.

ಈ ತೇಪೆಯನ್ನು ನಾನು ಕಲಿಸಿದ್ದು ಇಬ್ಬರಿಗೆ ಮಾತ್ರ. ಒಬ್ಬಳು ಇದನ್ನು ಬರೆಯುತ್ತಿದ್ದಾಳೆ.

ಬರೆಯುವುದನ್ನು ನಿಲ್ಲಿಸಿದಳು. ಬರಿ ಅಂದೆ.

ತೆಗೆದ ಗುರುತನ್ನು ಮತ್ತೆ ಅಲ್ಲೇ ಹಾಕಲು ಬರುವುದಿಲ್ಲ. ಹಾಗಾಗಿ ಇವತ್ತು ಬೆಳಗ್ಗೆ ಬಲತೋಳಿನ ತುದಿಯಲ್ಲಿ, ಕೂತವರ ಬೆರಳು ಬರುವ ಕಡೆ, ಒಂದು ಇರುವೆ ಕೆತ್ತಿದ್ದೇನೆ. ಕಣ್ಣಿಲ್ಲದ ಕೆಲಸ, ಒಂದು ಕಾಲು ಕಡಿಮೆ ಬಿದ್ದಿದೆ. ಕೊಂಡವರು ಬಂದು ಕೇಳಿದರೆ, ಇದನ್ನು ಮಾಡಿದವರು ಯಾರು ಅಂತ ನಾನೇ ಕೂರಿಸಿ ಹೇಳುತ್ತೇನೆ. ಆಮೇಲೂ ಬೇಕು ಅಂದರೆ ಒಯ್ಯಲಿ.

ಈ ಕಾಗದವನ್ನು ನಿಮಗೆ ತಲುಪಿಸುವುದು ನನ್ನ ಮಗ. ಅವನು ಒಳ್ಳೆಯ ಅಂಗಡಿಯಲ್ಲಿದ್ದಾನೆ. ನನ್ನದೂ ಒಂದು ಕುರ್ಚಿ ಅವನ ಹತ್ತಿರ ಇದೆ, ನನ್ನ ಹೆಂಡತಿಗೆ ಅಂತ ಮಾಡಿದ್ದು. ಕಿಟಕಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದಾನಂತೆ, ಸಂಜೆ ಬೆಳಕು ಬೀಳುತ್ತದಂತೆ. ಅಲ್ಲೇ ಇರಲಿ ಅಂತ ಅವನಿಗೆ ಹೇಳಿ. ಅದಕ್ಕಾಗಿ ಅವನು ಇಷ್ಟು ದೂರ ಬರುವುದು ಬೇಡ. ಇನ್ನು ನಾನು ಕೇಳುವುದಿಲ್ಲ.

ಇರುವೆ ಮೇಸ್ತ್ರಿ